ದನದ ಡಾಕ್ಟರಿಗೆ ಬರ, ಆ ಓದಿನ ಸಾಲಕ್ಕೆ ಮಿತಿ: ಅಮೆರಿಕದಲ್ಲಿ ನಡೆಯುತ್ತಿರುವುದೇನು?

2025ರಲ್ಲಿ ಅಮೆರಿಕದಿಂದ ಮೂರು ಸುದ್ದಿಗಳು ಬಂದವು. ಒಂದೊಂದನ್ನೇ ಓದಿದರೆ ಅರ್ಥವಾಗುತ್ತವೆ. ಮೂರನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ತಲೆ ಕೆಡುತ್ತದೆ.

ಫೆಬ್ರವರಿಯಲ್ಲಿ ಅಲ್ಲಿನ ಕೃಷಿ ಇಲಾಖೆ ಒಂದು ಸ್ಕಾಲರ್‌ಶಿಪ್ ತಡೆಹಿಡಿಯಿತು. ಕಪ್ಪು ಜನಾಂಗದವರಿಗೆಂದು ಹಿಂದೆ ಕಟ್ಟಿದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಓದುವ ಮಕ್ಕಳಿಗೆ ಸಿಗುತ್ತಿದ್ದ ದುಡ್ಡು ಅದು. ಗಲಾಟೆ ಆಯಿತು, ಕೆಲವೇ ದಿನಗಳಲ್ಲಿ ಮತ್ತೆ ಶುರು ಮಾಡಿದರು. ಜುಲೈ 4ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ದೊಡ್ಡ ತೆರಿಗೆ ಕಾಯ್ದೆಯಲ್ಲಿ, ವೆಟರ್ನರಿ ಓದುವವರು ಸರ್ಕಾರದಿಂದ ಎಷ್ಟು ಸಾಲ ಪಡೆಯಬಹುದು ಎಂಬುದಕ್ಕೆ ಮಿತಿ ಬಿತ್ತು. ಆಗಸ್ಟ್‌ನಲ್ಲಿ ಅದೇ ಕೃಷಿ ಇಲಾಖೆಯ ಮುಖ್ಯಸ್ಥೆ ಬ್ರೂಕ್ ರಾಲಿನ್ಸ್, ಹಳ್ಳಿಗಳಲ್ಲಿ ಪಶುವೈದ್ಯರೇ ಇಲ್ಲ, ಇದು ದೇಶದ ಆಹಾರ ಭದ್ರತೆಗೇ ಅಪಾಯ ಎಂದು ಒಂದು ಹೊಸ ಯೋಜನೆ ಪ್ರಕಟಿಸಿದರು.

ವೈದ್ಯರು ಬೇಕು ಅಂತೀರಿ, ಓದೋಕೆ ಸಾಲ ಕಡಿಮೆ ಮಾಡ್ತೀರಿ, ಸ್ಕಾಲರ್‌ಶಿಪ್‌ಗೂ ಕೈ ಹಾಕ್ತೀರಿ. ಏನಿದು ಲೆಕ್ಕ? ಎಡಗೈ ಮಾಡಿದ್ದು ಬಲಗೈಗೆ ಗೊತ್ತಿಲ್ಲ ಎಂದು ನಕ್ಕು ಸುಮ್ಮನಾಗಬಹುದು. ಆದರೆ ಇದರ ಹಿಂದೆ ಒಂದು ನಿಜವಾದ ವಾದವಿದೆ. ಹಳ್ಳಿಯ ಮಗು, ದುಡ್ಡಿಲ್ಲದ ಮನೆಯ ಮಗು ಪಶುವೈದ್ಯ ಆಗಬೇಕಾದರೆ ಸಹಾಯ ಯಾವ ಹೊತ್ತಿಗೆ ಸಿಗಬೇಕು ಎಂಬುದೇ ಆ ವಾದ. ಕಾಲೇಜಿನ ಬಾಗಿಲಲ್ಲೋ, ಓದುವಾಗಲೋ, ಓದು ಮುಗಿದ ಮೇಲೋ?

ಅಲ್ಲಿ ದನದ ಡಾಕ್ಟರ್ ಆಗುವುದು ಹೇಗೆ?

ನಮ್ಮಲ್ಲಿ ಪಿಯುಸಿ ಮುಗಿಸಿ ನೇರವಾಗಿ ವೆಟರ್ನರಿ ಕಾಲೇಜಿಗೆ ಹೋಗಬಹುದು. ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕದಲ್ಲಿ ಹಾಗಿಲ್ಲ. ಸಾಮಾನ್ಯವಾಗಿ ಮೊದಲು ನಾಲ್ಕು ವರ್ಷದ ಡಿಗ್ರಿ, ಆಮೇಲೆ ನಾಲ್ಕು ವರ್ಷದ ವೆಟರ್ನರಿ ಕೋರ್ಸ್. ಒಟ್ಟು ಎಂಟು ವರ್ಷ. ಇಡೀ ದೇಶದಲ್ಲಿ ಮಾನ್ಯತೆ ಪಡೆದ ಕಾಲೇಜುಗಳು ಮೂವತ್ತಕ್ಕೂ ಸ್ವಲ್ಪ ಹೆಚ್ಚು, ಅಷ್ಟೇ. ಎಷ್ಟೋ ರಾಜ್ಯಗಳಲ್ಲಿ ಒಂದೂ ಇಲ್ಲ. ಹಾಗಾಗಿ ಪಕ್ಕದ ರಾಜ್ಯಕ್ಕೆ ಹೋಗಬೇಕು. ಹೊರರಾಜ್ಯದವರಿಗೆ ಸರ್ಕಾರಿ ಕಾಲೇಜಿನಲ್ಲೂ ಫೀಸು ತುಂಬಾ ಜಾಸ್ತಿ.

ಖರ್ಚು ಎಷ್ಟು? ಊಟ, ವಸತಿ ಎಲ್ಲ ಸೇರಿಸಿದರೆ ಹೊರರಾಜ್ಯದ ವಿದ್ಯಾರ್ಥಿಗೆ ಕೆಲವು ಕಡೆ ನಾಲ್ಕು ವರ್ಷಕ್ಕೆ 3 ಲಕ್ಷ ಡಾಲರ್ ದಾಟುತ್ತದೆ. ಇದು ವೆಟರ್ನರಿ ಭಾಗದ ಲೆಕ್ಕ ಮಾತ್ರ, ಅದಕ್ಕೂ ಮೊದಲಿನ ಡಿಗ್ರಿಯ ಖರ್ಚು ಬೇರೆ. ಸಾಲ ಮಾಡಿ ಓದಿ ಹೊರಬರುವವರ ತಲೆಯ ಮೇಲೆ ಸರಾಸರಿ 2 ಲಕ್ಷ ಡಾಲರ್ ಆಸುಪಾಸು ಸಾಲ ಇರುತ್ತದೆ ಎಂದು ಅಲ್ಲಿನ ಪಶುವೈದ್ಯರ ಸಂಘದ ಇತ್ತೀಚಿನ ಲೆಕ್ಕ ಹೇಳುತ್ತದೆ. ನಮ್ಮ ದುಡ್ಡಿನಲ್ಲಿ ಒಂದೂಮುಕ್ಕಾಲು ಕೋಟಿ ರೂಪಾಯಿ ಅಂದುಕೊಳ್ಳಿ.

ಇನ್ನೊಂದು ವ್ಯತ್ಯಾಸವನ್ನು ಮರೆತರೆ ಮುಂದಿನದು ಅರ್ಥವಾಗುವುದಿಲ್ಲ. ಕರ್ನಾಟಕದ ಹಳ್ಳಿಯಲ್ಲಿ ದನದ ಡಾಕ್ಟರ್ ಅಂದರೆ ಹೆಚ್ಚಾಗಿ ಸರ್ಕಾರಿ ನೌಕರ. ಪಶು ಆಸ್ಪತ್ರೆಯ ಕಟ್ಟಡ, ಔಷಧಿ, ತಿಂಗಳ ಸಂಬಳ ಎಲ್ಲ ಇಲಾಖೆಯದು. ಅಮೆರಿಕದ ಹಳ್ಳಿಯ ಪಶುವೈದ್ಯ ಹೆಚ್ಚಾಗಿ ಸ್ವಂತ ಉದ್ಯೋಗಿ, ಇಲ್ಲವೇ ಚಿಕ್ಕದೊಂದು ಖಾಸಗಿ ಕ್ಲಿನಿಕ್‌ನಲ್ಲಿ ಕೆಲಸಕ್ಕಿರುವವನು. ಪಿಕಪ್ ಟ್ರಕ್, ಅದರ ಹಿಂದೆ ಔಷಧಿ ಪೆಟ್ಟಿಗೆ, ಕೊಟ್ಟಿಗೆಗೆ ಒಯ್ಯುವ ಅಲ್ಟ್ರಾಸೌಂಡ್ ಯಂತ್ರ, ದನ ನಿಲ್ಲಿಸಿ ಹಿಡಿಯುವ ಕಬ್ಬಿಣದ ಚೌಕಟ್ಟು, ಇದೆಲ್ಲ ಅವನ ಬಂಡವಾಳ. ಮೊದಲೇ 2 ಲಕ್ಷ ಡಾಲರ್ ಸಾಲ ಇರುವವನಿಗೆ ಬ್ಯಾಂಕು ಮತ್ತೆ ಕ್ಲಿನಿಕ್ ತೆರೆಯೋಕೆ ಸಾಲ ಕೊಡಬೇಕು. ಅವನಿಗೆ ಧೈರ್ಯ ಬರಬೇಕಲ್ವಾ?

ಬರ ಎಲ್ಲಿದೆ, ಎಲ್ಲಿಲ್ಲ

"ಅಮೆರಿಕದಲ್ಲಿ ಪಶುವೈದ್ಯರ ಕೊರತೆ" ಎಂಬ ತಲೆಬರಹ ಅರ್ಧ ಸತ್ಯ. ಪಶುವೈದ್ಯರ ಸಂಘವೇ ಇದನ್ನು ಪೂರ್ತಿ ಒಪ್ಪುವುದಿಲ್ಲ. ಹೊಸ ಕಾಲೇಜುಗಳು ತೆರೆಯುತ್ತಿವೆ, ವರ್ಷ ವರ್ಷ ಹೆಚ್ಚು ಜನ ಪಾಸಾಗುತ್ತಿದ್ದಾರೆ, ದೇಶದ ಒಟ್ಟು ಲೆಕ್ಕದಲ್ಲಿ ಕೊರತೆ ಇಲ್ಲ ಎನ್ನುವುದು ಅವರ ವಾದ. ಅವರಿಗೆ ತಮ್ಮದೇ ಭಯವೂ ಇದೆ. ಕೊರತೆ ಎಂದು ಒಪ್ಪಿಕೊಂಡರೆ, ಕಡಿಮೆ ಓದಿದವರಿಗೂ ಚಿಕಿತ್ಸೆಯ ಅಧಿಕಾರ ಕೊಡಿ ಎಂಬ ಕೂಗು ಏಳುತ್ತದೆ. ಕೊಲರಾಡೋದಲ್ಲಿ 2024ರ ನವೆಂಬರ್‌ನಲ್ಲಿ ಜನಮತದ ಮೂಲಕ ಅದೇ ಆಯಿತು. ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗಿನ ಹೊಸ ಹುದ್ದೆಗೆ ಜನ ಓಟು ಹಾಕಿದರು. ಸಂಘ ವಿರೋಧಿಸಿದರೂ ಪ್ರಯೋಜನವಾಗಲಿಲ್ಲ.

ಆದರೆ ದನ, ಹಂದಿ, ಕುರಿ ನೋಡುವವರ ಬರ ಇದೆ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಕೃಷಿ ಇಲಾಖೆ ಪ್ರತಿ ವರ್ಷ ಕೊರತೆ ಇರುವ ಪ್ರದೇಶಗಳ ಪಟ್ಟಿ ಮಾಡುತ್ತದೆ. 2025ರ ಪಟ್ಟಿಯಲ್ಲಿ 46 ರಾಜ್ಯಗಳ 243 ಪ್ರದೇಶಗಳಿದ್ದವು. ನಲವತ್ತು ವರ್ಷದ ಹಿಂದೆ ಹೊಸದಾಗಿ ಪಾಸಾದ ಪಶುವೈದ್ಯರಲ್ಲಿ ಸುಮಾರು ಶೇ 40 ಮಂದಿ ಹಾಲು-ಮಾಂಸದ ಪ್ರಾಣಿಗಳ ಕೆಲಸಕ್ಕೆ ಹೋಗುತ್ತಿದ್ದರು. ಈಗ ಅದು ಶೇ 3ರಿಂದ 4. ಉಳಿದವರಲ್ಲಿ ಬಹುಪಾಲು ಜನ ನಗರದಲ್ಲಿ ನಾಯಿ, ಬೆಕ್ಕು ನೋಡುತ್ತಾರೆ. ಶುರುವಿನ ಸಂಬಳವೂ ಅಲ್ಲೇ ಜಾಸ್ತಿ. ರಾತ್ರಿ ಎರಡು ಗಂಟೆಗೆ, ಹಿಮ ಸುರಿಯುವಾಗ, ಕರು ಅಡ್ಡ ಸಿಕ್ಕಿಕೊಂಡಿದೆ ಎಂದು ಎಪ್ಪತ್ತು ಮೈಲಿ ದೂರದಿಂದ ಫೋನ್ ಬರುವುದಿಲ್ಲ.

ಕೊರತೆಯಿಂದ ಏನಾಗುತ್ತದೆ? ಒಂದು ಉದಾಹರಣೆ ಸಾಕು. 2023ರ ಜೂನ್‌ವರೆಗೆ ಅಮೆರಿಕದ ರೈತ ಹಲವು ಆಂಟಿಬಯೊಟಿಕ್‌ಗಳನ್ನು ಅಂಗಡಿಯಲ್ಲಿ ಚೀಟಿ ಇಲ್ಲದೆ ಕೊಳ್ಳಬಹುದಿತ್ತು. ಮನುಷ್ಯರಿಗೂ ಬೇಕಾದ ಔಷಧಿಗಳು ಕೆಲಸ ಕಳೆದುಕೊಳ್ಳಬಾರದು ಎಂದು, ಅಲ್ಲಿಂದಾಚೆ ಪಶುವೈದ್ಯರ ಚೀಟಿ ಕಡ್ಡಾಯ ಮಾಡಿದರು. ನಿಯಮ ಸರಿಯಾದದ್ದೇ. ಆದರೆ ಚೀಟಿ ಬರೆಯುವವನು ಜಿಲ್ಲೆಯಲ್ಲೇ ಇಲ್ಲದಿದ್ದರೆ ಕೆಚ್ಚಲು ಬಾವು ಬಂದ ಹಸುವಿನ ಗತಿ ಏನು? ಹಾಗೆಯೇ 2024ರ ಮಾರ್ಚ್‌ನಲ್ಲಿ ಟೆಕ್ಸಾಸ್ ಮತ್ತು ಕಾನ್ಸಾಸ್‌ನ ಡೈರಿಗಳಲ್ಲಿ ಹಕ್ಕಿಜ್ವರ ಹಸುಗಳಿಗೂ ಬಂದಿದೆ ಎಂದು ಖಚಿತವಾಯಿತು. ಹಾಲು ಕಡಿಮೆಯಾಗಿದೆ, ಹಸು ಮೇವು ತಿನ್ನುತ್ತಿಲ್ಲ, ಕೊಟ್ಟಿಗೆಯ ಬೆಕ್ಕುಗಳು ಸಾಯುತ್ತಿವೆ ಎಂಬುದನ್ನೆಲ್ಲ ಜೋಡಿಸಿ ನೋಡಬೇಕಾದವರು ಊರಿನಲ್ಲೇ ಇರುವ ಪಶುವೈದ್ಯರು. ಅವರಿಲ್ಲದ ಕಡೆ ರೋಗ ಬಂದು ಹೋದ ಮೇಲೆ ಗೊತ್ತಾಗುತ್ತದೆ.

ದುಡ್ಡು ಯಾವಾಗ ಕೈಗೆ ಬರುತ್ತದೆ?

ಹಳ್ಳಿಗೆ ಡಾಕ್ಟರ್ ಬೇಕೆಂದರೆ ಹಳ್ಳಿಯಲ್ಲೇ ಬೆಳೆದ ಮಕ್ಕಳನ್ನು ಓದಿಸಿ ಎಂಬುದು ಹಳೆಯ ಮಾತು. ಮನುಷ್ಯರ ಡಾಕ್ಟರ್‌ಗಳ ವಿಷಯದಲ್ಲಿ ಇದು ಮತ್ತೆ ಮತ್ತೆ ನಿಜವಾಗಿದೆ. ಹಳ್ಳಿಯಲ್ಲಿ ಬೆಳೆದವರು ಹಳ್ಳಿಗೆ ಮರಳುವ ಸಾಧ್ಯತೆ ಜಾಸ್ತಿ. ಪಶುವೈದ್ಯಕೀಯಕ್ಕೂ ಇದೇ ತರ್ಕ. ಹಾಗಾದರೆ ಆ ಮಕ್ಕಳಿಗೆ ಸಹಾಯ ಮಾಡೋಣ ಎಂದು ಎಲ್ಲರೂ ಒಪ್ಪುತ್ತಾರೆ. ಜಗಳ ಶುರುವಾಗುವುದು ಆಮೇಲೆ.

ಅಮೆರಿಕದ ಕೇಂದ್ರ ಸರ್ಕಾರ ಇಷ್ಟು ವರ್ಷ ನೆಚ್ಚಿಕೊಂಡಿರುವುದು ಓದು ಮುಗಿದ ಮೇಲಿನ ಸಹಾಯವನ್ನು. ಇದಕ್ಕೆ 2003ರಲ್ಲೇ ಕಾನೂನು ಬಂತು, ಮೊದಲ ದುಡ್ಡು ಕೊಟ್ಟದ್ದು 2010ರಲ್ಲಿ. (ಏಳು ವರ್ಷ! ಅಷ್ಟರಲ್ಲಿ ಒಂದು ಬ್ಯಾಚ್ ಕಾಲೇಜು ಸೇರಿ, ಪಾಸಾಗಿ, ನಗರದಲ್ಲಿ ಮನೆಯನ್ನೂ ಮಾಡಿಕೊಂಡಾಗಿತ್ತು.) ಕೊರತೆ ಇರುವ ಪ್ರದೇಶದಲ್ಲಿ ಮೂರು ವರ್ಷ ಕೆಲಸ ಮಾಡುತ್ತೇನೆಂದು ಒಪ್ಪಿಕೊಂಡರೆ, ವರ್ಷಕ್ಕೆ 25,000 ಡಾಲರ್‌ವರೆಗೆ ನಿಮ್ಮ ಓದಿನ ಸಾಲವನ್ನು ಸರ್ಕಾರ ತೀರಿಸುತ್ತದೆ ಎಂಬುದು ಶುರುವಿನಿಂದ ಇದ್ದ ಒಪ್ಪಂದ. ಅರ್ಜಿ ಹಾಕಿದವರಿಗೆಲ್ಲ ಸಿಗುವುದಿಲ್ಲ, ಪೈಪೋಟಿ ಇದೆ.

ಇದರಲ್ಲೊಂದು ತಮಾಷೆಯೂ ಇದೆ. ಹೀಗೆ ತೀರಿಸಿದ ಸಾಲವನ್ನು ಆದಾಯ ಎಂದು ಲೆಕ್ಕ ಹಿಡಿದು ಅದಕ್ಕೆ ತೆರಿಗೆ ಹಾಕುತ್ತಾರೆ. ಆ ತೆರಿಗೆಯನ್ನು ಪಶುವೈದ್ಯ ಕಟ್ಟಲಾರ ಎಂದು ಇಲಾಖೆಯೇ, ಕೊಟ್ಟ ಹಣದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ಮೇಲೆ ಸೇರಿಸಿ ತೆರಿಗೆ ಇಲಾಖೆಗೆ ಕಟ್ಟುತ್ತದೆ. ಅಂದರೆ ಸರ್ಕಾರದ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. ಆ ದುಡ್ಡಿನಲ್ಲಿ ಇನ್ನಷ್ಟು ಊರುಗಳಿಗೆ ಡಾಕ್ಟರ್ ಕಳಿಸಬಹುದಿತ್ತು. ಈ ತೆರಿಗೆ ತೆಗೆಯಿರಿ ಎಂಬ ಮಸೂದೆಯನ್ನು ಎರಡೂ ಪಕ್ಷದವರು ಸೇರಿ ಹಲವು ಸಲ ಮಂಡಿಸಿದ್ದಾರೆ. ಯಾರೂ ವಿರೋಧಿಸುವುದಿಲ್ಲ, ಆದರೂ ವರ್ಷಗಟ್ಟಲೆ ಅದು ಕಾಯುತ್ತಲೇ ಇತ್ತು.

ಈ ಪದ್ಧತಿಯ ಪರವಾಗಿ ಹೇಳಬೇಕಾದದ್ದನ್ನೂ ಹೇಳೋಣ. ಸರ್ಕಾರಕ್ಕೆ ನಷ್ಟದ ಭಯ ಕಡಿಮೆ. ಡಾಕ್ಟರ್ ಆಗಲೇ ಪಾಸಾಗಿದ್ದಾನೆ, ಯಾವ ಊರಿಗೆ ಹೋಗುತ್ತಾನೆ ಎಂದು ಗೊತ್ತಿದೆ, ಕೆಲಸ ಮಾಡಿದಷ್ಟೇ ದುಡ್ಡು. ಹದಿನೆಂಟು ವರ್ಷದ ಹುಡುಗನಿಗೆ ಈಗ ಸ್ಕಾಲರ್‌ಶಿಪ್ ಕೊಟ್ಟರೆ ಎಂಟು ವರ್ಷದ ನಂತರ ಅವನ ಮನಸ್ಸು ಎಲ್ಲಿರುತ್ತದೋ ಯಾರಿಗೆ ಗೊತ್ತು? ಆದರೆ ಇದು ಬಸ್ಸಿನಿಂದ ಇಳಿಯುವಾಗ ಟಿಕೆಟ್ ದುಡ್ಡು ವಾಪಸ್ ಕೊಡುವ ಹಾಗೆ. ಹತ್ತೋಕೆ ದುಡ್ಡಿಲ್ಲದೆ ನಿಲ್ದಾಣದಲ್ಲೇ ನಿಂತವನಿಗೆ ಇದರಿಂದ ಏನೂ ಸಿಗುವುದಿಲ್ಲ. ಎರಡು ಲಕ್ಷ ಡಾಲರ್ ಸಾಲ ಎಂದು ಕೇಳಿದ ಕೂಡಲೇ, ಇಪ್ಪತ್ತು ದನ ಇಟ್ಟುಕೊಂಡ ಮನೆಯವರು "ನಮ್ಮಂಥವರಿಗಲ್ಲ ಬಿಡಪ್ಪ" ಅಂದುಬಿಟ್ಟರೆ, ಆ ಮಗು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಜಿ ಹಾಕದವರ ಲೆಕ್ಕ ಯಾವ ಪಟ್ಟಿಯಲ್ಲೂ ಬರುವುದಿಲ್ಲ.

ಕಾನ್ಸಾಸ್ ರಾಜ್ಯ ಮಧ್ಯದ ದಾರಿ ಹಿಡಿಯಿತು. ನನಗೆ ಹೆಚ್ಚು ಬುದ್ಧಿವಂತಿಕೆ ಕಾಣುವುದು ಇದರಲ್ಲೇ. 2006ರಲ್ಲಿ ಅಲ್ಲಿನ ಶಾಸನಸಭೆ ಒಂದು ಯೋಜನೆ ತಂದಿತು. ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ವೆಟರ್ನರಿ ಓದುವವರಲ್ಲಿ ವರ್ಷಕ್ಕೆ ಐದು ಮಂದಿಯನ್ನು ಆರಿಸಿ, ಓದುವಾಗಲೇ ವರ್ಷಕ್ಕೆ 20,000 ಡಾಲರ್ ಕೊಡುವುದು. ಪಾಸಾದ ಮೇಲೆ 35,000ಕ್ಕಿಂತ ಕಡಿಮೆ ಜನ ಇರುವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ನಾಲ್ಕು ವರ್ಷ ಕೆಲಸ ಮಾಡಿದರೆ ಪೂರ್ತಿ ಮನ್ನಾ. ಮಾಡದಿದ್ದರೆ ಬಡ್ಡಿ ಸಮೇತ ಕಟ್ಟಬೇಕು. ಬರೀ ದುಡ್ಡಷ್ಟೇ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ರಜೆಯಲ್ಲಿ ಹಳ್ಳಿಯ ಕ್ಲಿನಿಕ್‌ಗಳಲ್ಲಿ ತರಬೇತಿ, ರೋಗ ಹರಡಿದಾಗ ಏನು ಮಾಡಬೇಕೆಂಬ ಪಾಠ ಎಲ್ಲ ಸೇರಿಸಿದರು. ಒಪ್ಪಂದಕ್ಕೆ ಸೇರಿದವರಲ್ಲಿ ಬಹುಪಾಲು ಜನ ಹೋದ ಊರಲ್ಲೇ ಉಳಿದರು. ಆಮೇಲೆ ಮೊತ್ತವನ್ನೂ ಸೀಟುಗಳನ್ನೂ ಹೆಚ್ಚಿಸಿದರು. ಚಿಕ್ಕ ಯೋಜನೆ, ಬೆರಳೆಣಿಕೆಯ ಮಕ್ಕಳು. ಆದರೆ ಒಂದು ಕೌಂಟಿಗೆ ಒಬ್ಬ ಡಾಕ್ಟರ್ ಬಂದರೂ ಅಲ್ಲಿನ ಲೆಕ್ಕವೇ ಬದಲಾಗುತ್ತದೆ.

ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ್ದು ಇನ್ನೂ ಬೇರೆ ದಾರಿ. 2021ರಲ್ಲಿ ಅಮರಿಲೋದಲ್ಲಿ, ಅಂದರೆ ದನದ ಸೀಮೆಯ ನಟ್ಟನಡುವೆ ಹೊಸ ಕಾಲೇಜು ತೆರೆದು, ಹಳ್ಳಿ ಮತ್ತು ಸಣ್ಣ ಊರುಗಳಿಗೆ ಹೋಗುವ ಮನಸ್ಸಿರುವವರನ್ನೇ ಹುಡುಕಿ ಸೇರಿಸಿಕೊಂಡರು. ಮೊದಲ ಬ್ಯಾಚ್ ಹೊರಬಿದ್ದದ್ದು 2025ರಲ್ಲಿ. ಅದರ ಫಲ ಹೇಳೋಕೆ ಇನ್ನೂ ಸಮಯ ಬೇಕು.

ಹೊಸ ಸಾಲದ ಮಿತಿ: ಎರಡೂ ಕಡೆಯ ವಾದ

ಈಗ ಜುಲೈ ಕಾಯ್ದೆಗೆ ಬರೋಣ. 2006ರಿಂದ ಅಮೆರಿಕದಲ್ಲಿ ಗ್ರ್ಯಾಡ್ ಪ್ಲಸ್ ಎಂಬ ಸರ್ಕಾರಿ ಸಾಲ ಇತ್ತು. ಕಾಲೇಜು "ನಮ್ಮಲ್ಲಿ ಓದೋಕೆ ಒಟ್ಟು ಇಷ್ಟು ಖರ್ಚು" ಎಂದು ಬರೆದುಕೊಟ್ಟರೆ ಅಷ್ಟೂ ಸಾಲ ಸಿಗುತ್ತಿತ್ತು. ಹೊಸ ಕಾಯ್ದೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಇದನ್ನು ನಿಲ್ಲಿಸುತ್ತದೆ. ಅದರ ಜಾಗದಲ್ಲಿ ವೃತ್ತಿಪರ ಕೋರ್ಸ್‌ಗಳಿಗೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್ ಮಿತಿ. ಬೇರೆ ಸ್ನಾತಕೋತ್ತರ ಕೋರ್ಸ್‌ಗಳಿಗೆ ಇನ್ನೂ ಕಡಿಮೆ, ಒಟ್ಟು 1 ಲಕ್ಷ. ವೆಟರ್ನರಿ ದೊಡ್ಡ ಮಿತಿಯ ಗುಂಪಿಗೆ ಸೇರಿದೆ, ಅಷ್ಟರಮಟ್ಟಿಗೆ ಬಚಾವ್. ಆಗಲೇ ಓದುತ್ತಾ ಇದೇ ಸಾಲ ಪಡೆದವರಿಗೆ ಸ್ವಲ್ಪ ಕಾಲ ಹಳೆಯ ನಿಯಮವೇ ನಡೆಯುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 75,000 ಡಾಲರ್ ಖರ್ಚಾಗುವ ಕಾಲೇಜು ಅಂದುಕೊಳ್ಳಿ. ಸರ್ಕಾರಿ ಸಾಲ 50,000. ಇನ್ನುಳಿದ 25,000 ಎಲ್ಲಿಂದ? ನಾಲ್ಕು ವರ್ಷಕ್ಕೆ 1 ಲಕ್ಷ ಡಾಲರ್ ಕೊರತೆ. ಅಪ್ಪ ಅಮ್ಮ ಕೊಡಬೇಕು, ಇಲ್ಲವೇ ಖಾಸಗಿ ಬ್ಯಾಂಕಿಗೆ ಹೋಗಬೇಕು. ಖಾಸಗಿ ಬ್ಯಾಂಕು ಕೇಳುವ ಮೊದಲ ಪ್ರಶ್ನೆ: ಜಾಮೀನು ಯಾರು ಹಾಕುತ್ತಾರೆ? ಜೊತೆಗೆ, ಆದಾಯ ನೋಡಿ ಕಂತು ಇಳಿಸುವ ಸರ್ಕಾರಿ ಸಾಲದ ಅನುಕೂಲ ಅಲ್ಲಿಲ್ಲ. ನಗರದ ಡಾಕ್ಟರ್ ಮಗಳಿಗೆ ಜಾಮೀನು ಹಾಕುವವರು ಸಿಗುತ್ತಾರೆ. ಜಮೀನನ್ನೆಲ್ಲ ಈಗಾಗಲೇ ಅಡವಿಟ್ಟ ರೈತನ ಮಗನಿಗೆ ಯಾರು ಹಾಕುತ್ತಾರೆ?

ಕಾಯ್ದೆಯ ಪರ ಇರುವವರ ಮಾತು ಹೀಗಿದೆ. ಸರ್ಕಾರ ಎಷ್ಟು ಕೇಳಿದರೂ ಸಾಲ ಕೊಡುತ್ತಾ ಹೋದರೆ ಕಾಲೇಜುಗಳು ಫೀಸು ಏರಿಸುತ್ತಲೇ ಇರುತ್ತವೆ, ಹೊರೆ ಬೀಳುವುದು ಮಕ್ಕಳ ತಲೆಗೆ. ಇದು ಹೊಸ ಮಾತಲ್ಲ. ರೇಗನ್ ಕಾಲದ ಶಿಕ್ಷಣ ಮಂತ್ರಿ ವಿಲಿಯಂ ಬೆನೆಟ್ 1987ರಲ್ಲೇ ಹೇಳಿದ್ದರು. ಸಾಲದ ನಲ್ಲಿ ನಿಲ್ಲಿಸಿ, ಫೀಸು ತಾನಾಗಿಯೇ ಇಳಿಯುತ್ತದೆ ಎಂಬುದು ನಂಬಿಕೆ. ಇದರಲ್ಲಿ ಹುರುಳಿಲ್ಲ ಎಂದು ತಳ್ಳಿಹಾಕೋಕೆ ಆಗುವುದಿಲ್ಲ. 2 ಲಕ್ಷ ಡಾಲರ್ ಸಾಲ ಹೊತ್ತ ಹುಡುಗಿಗೆ "ನಿನಗೆ ಇನ್ನೂ ಹೆಚ್ಚು ಸಾಲ ಕೊಡಬೇಕಿತ್ತು" ಎನ್ನುವುದು ಯಾವ ಸೀಮೆಯ ಉಪಕಾರ?

ಆದರೆ ವೆಟರ್ನರಿ ಕಾಲೇಜಿನ ವಿಷಯದಲ್ಲಿ ಈ ವಾದ ಎಡವುತ್ತದೆ. ಕಾರಣ ಸರಳ. ಸೀಟು ಕಡಿಮೆ, ಅರ್ಜಿ ಹಾಕುವವರು ಸೀಟಿನ ದುಪ್ಪಟ್ಟಿಗೂ ಮಿಕ್ಕಿ. ಫೀಸು ಕಟ್ಟಲಾಗದೆ ಒಬ್ಬ ಹಿಂದೆ ಸರಿದರೆ ಕಾಲೇಜಿಗೆ ನಷ್ಟವಿಲ್ಲ, ಕಟ್ಟಬಲ್ಲ ಇನ್ನೊಬ್ಬ ಸಾಲಿನಲ್ಲೇ ನಿಂತಿದ್ದಾನೆ. ಗಿರಾಕಿ ಕಡಿಮೆಯಾದರೆ ಬೆಲೆ ಇಳಿಯುತ್ತದೆ, ಸರಿ. ಇಲ್ಲಿ ಗಿರಾಕಿ ಕಡಿಮೆಯಾಗುವುದಿಲ್ಲ, ಬದಲಾಗುತ್ತಾನೆ ಅಷ್ಟೇ. ಪ್ರಾಣಿ ಆಸ್ಪತ್ರೆ, ಪ್ರಯೋಗಾಲಯ, ಕೊಟ್ಟಿಗೆ ಎಲ್ಲ ಇಟ್ಟು ನಡೆಸುವ ಈ ಓದು ಕಾಲೇಜಿಗೂ ದುಬಾರಿಯೇ. ರಾಜ್ಯಗಳು ಕೊಡುತ್ತಿದ್ದ ಪಾಲು ವರ್ಷಗಳಿಂದ ತಗ್ಗುತ್ತಾ ಬಂದಿದೆ. ಆ ಭಾರವೂ ಫೀಸಿಗೇ ಬಂದು ಕೂತಿದೆ.

ಇದರಿಂದ ಒಂದು ವಿಚಿತ್ರ ಸರಪಳಿ ಹುಟ್ಟುತ್ತದೆ. ಸಾಲಕ್ಕೆ ಮಿತಿ ಬಿದ್ದರೆ, ಮನೆಯಲ್ಲಿ ದುಡ್ಡಿರುವವರ ಪಾಲು ಕ್ಲಾಸಿನಲ್ಲಿ ಹೆಚ್ಚುತ್ತದೆ. ದುಡ್ಡಿರುವವರು ಹೆಚ್ಚಾಗಿ ನಗರದವರು. ನಗರದವರು ಹೆಚ್ಚಾಗಿ ನಗರದಲ್ಲೇ ಉಳಿಯುತ್ತಾರೆ. ಆಗ ಆಗಸ್ಟ್‌ನ ಯೋಜನೆ, ಹಳ್ಳಿಗೆ ಬನ್ನಿ ಸಾಲ ತೀರಿಸುತ್ತೇವೆ ಎಂದು ಕರೆದರೆ, ಕರೆ ಕೇಳಿಸಿಕೊಳ್ಳಬೇಕಾದವರು ಕ್ಲಾಸಿನಲ್ಲೇ ಕಡಿಮೆ. ಹಾಗೆಂದು ಎಲ್ಲವೂ ಹೀಗೇ ಆಗಿಬಿಡುತ್ತದೆ ಎಂದೇನಿಲ್ಲ. ತಮ್ಮದೇ ರಾಜ್ಯದ ಕಾಲೇಜಿನಲ್ಲಿ ಸೀಟು ಸಿಕ್ಕವರಿಗೆ ಎಷ್ಟೋ ಕಡೆ 50,000ದೊಳಗೆ ವರ್ಷ ಕಳೆಯುತ್ತದೆ. ಏಟು ಬೀಳುವುದು ವೆಟರ್ನರಿ ಕಾಲೇಜೇ ಇಲ್ಲದ ರಾಜ್ಯಗಳ ಮಕ್ಕಳಿಗೆ ಮತ್ತು ದುಬಾರಿ ಖಾಸಗಿ ಕಾಲೇಜಿಗೆ ಹೋಗುವವರಿಗೆ.

"ಪ್ರಾತಿನಿಧ್ಯ ಇಲ್ಲದವರು" ಅಂದರೆ ಯಾರು?

ಸ್ಕಾಲರ್‌ಶಿಪ್ ವಿಷಯ ಬಂದ ಕೂಡಲೇ ಅಮೆರಿಕದಲ್ಲಿ ಇನ್ನೊಂದು ಜಗಳ ಏಳುತ್ತದೆ, ಬಣ್ಣದ ಜಗಳ. ಅಲ್ಲಿನ ಪಶುವೈದ್ಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಬಿಳಿಯರು. ಇಷ್ಟು ಏಕರೂಪದ ವೃತ್ತಿ ಆ ದೇಶದಲ್ಲೂ ಅಪರೂಪ. ಹೆಂಗಸರ ವಿಷಯದಲ್ಲಿ ಚಿತ್ರ ಪೂರ್ತಿ ತಿರುಗಿದೆ. ಈಗ ವಿದ್ಯಾರ್ಥಿಗಳಲ್ಲಿ ಶೇ 80ಕ್ಕೂ ಹೆಚ್ಚು ಹುಡುಗಿಯರು. ಆದರೆ ಬಣ್ಣದ ಲೆಕ್ಕ ಹೆಚ್ಚು ಕದಲಿಲ್ಲ.

ಕಪ್ಪು ಪಶುವೈದ್ಯರ ಕಥೆ ಹೇಳಬೇಕಾದರೆ ಅಲಬಾಮಾದ ಟಸ್ಕೀಗೀ ವಿಶ್ವವಿದ್ಯಾಲಯದಿಂದ ಶುರು ಮಾಡಬೇಕು. ದಕ್ಷಿಣದ ರಾಜ್ಯಗಳ ಕಾಲೇಜುಗಳು ಕಪ್ಪು ಹುಡುಗರನ್ನು ಒಳಗೇ ಬಿಡದಿದ್ದ ಕಾಲದಲ್ಲಿ, 1945ರಲ್ಲಿ, ಅಲ್ಲಿ ವೆಟರ್ನರಿ ಕಾಲೇಜು ತೆರೆದರು. ಅದರ ಹಿಂದಿದ್ದವರು ಆ ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ಫ್ರೆಡರಿಕ್ ಡಗ್ಲಸ್ ಪ್ಯಾಟರ್ಸನ್. ಅವರು ಸ್ವತಃ ಪಶುವೈದ್ಯ. ಅದಕ್ಕೆ ಒಂದು ವರ್ಷ ಮೊದಲು, 1944ರಲ್ಲಿ, ಕಪ್ಪು ವಿದ್ಯಾರ್ಥಿಗಳ ಓದಿಗೆ ಹಣ ಕೂಡಿಸುವ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಕಟ್ಟಿದವರೂ ಅವರೇ. ಸೀಟೂ ಬೇಕು, ದುಡ್ಡೂ ಬೇಕು, ಎರಡೂ ಒಟ್ಟಿಗೆ ಬೇಕು ಎಂಬುದು ಅವರಿಗೆ ಎಂಬತ್ತು ವರ್ಷದ ಹಿಂದೆಯೇ ಗೊತ್ತಿತ್ತು. ದೇಶದ ಕಪ್ಪು ಪಶುವೈದ್ಯರಲ್ಲಿ ಸುಮಾರು ಶೇ 70 ಮಂದಿ ತಮ್ಮಲ್ಲೇ ಓದಿದವರು ಎಂದು ಟಸ್ಕೀಗೀ ಹೇಳಿಕೊಳ್ಳುತ್ತದೆ.

2023ರ ಜೂನ್ 29ರಂದು ಸುಪ್ರೀಂ ಕೋರ್ಟ್, ಕಾಲೇಜು ಪ್ರವೇಶದಲ್ಲಿ ಜನಾಂಗ ನೋಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ತೀರ್ಪು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರವೇಶದ ಬಗ್ಗೆ ಮಾತ್ರ. ಸ್ಕಾಲರ್‌ಶಿಪ್‌ಗೂ ಅದು ಅನ್ವಯಿಸುತ್ತದೆಯೇ? ಹೌದು ಎಂದು ಶಿಕ್ಷಣ ಇಲಾಖೆ 2025ರ ಫೆಬ್ರವರಿಯಲ್ಲಿ ಎಲ್ಲ ಕಾಲೇಜುಗಳಿಗೂ ಪತ್ರ ಬರೆಯಿತು. ಪಾಲಿಸದಿದ್ದರೆ ಕೇಂದ್ರದ ಹಣ ನಿಲ್ಲಬಹುದು ಎಂಬ ಬೆದರಿಕೆಯೂ ಇತ್ತು. ಆಗಸ್ಟ್‌ನಲ್ಲಿ ಮೇರಿಲ್ಯಾಂಡ್‌ನ ಕೇಂದ್ರ ನ್ಯಾಯಾಲಯವೊಂದು ಆ ಪತ್ರವನ್ನು ರದ್ದು ಮಾಡಿತು. ಆದರೆ ಹೆದರಿಕೆ ಒಮ್ಮೆ ಹೊಕ್ಕ ಮೇಲೆ ಕೋರ್ಟ್ ಆದೇಶದಿಂದ ಹೊರಗೆ ಹೋಗುವುದಿಲ್ಲ. ಕಾಲೇಜಿನ ವಕೀಲರು "ಯಾಕೆ ಬೇಕು ಉಸಾಬರಿ" ಎಂದು ಸ್ಕಾಲರ್‌ಶಿಪ್‌ಗಳ ಹೆಸರು, ಷರತ್ತುಗಳನ್ನು ತಿದ್ದಿಸುವುದು ಇಂಥ ಹೊತ್ತಿನಲ್ಲೇ.

ಮೊದಲೇ ಹೇಳಿದ, ಫೆಬ್ರವರಿಯಲ್ಲಿ ನಿಂತು ಮತ್ತೆ ಶುರುವಾದ ಸ್ಕಾಲರ್‌ಶಿಪ್ ಇದೇ ಹೊತ್ತಿನದು. 1992ರಲ್ಲಿ ಶುರುವಾದ ಈ ಯೋಜನೆ, 19 ಕಪ್ಪು ಕೃಷಿ ವಿಶ್ವವಿದ್ಯಾಲಯಗಳಲ್ಲಿ ಕೃಷಿ, ಆಹಾರದಂಥ ವಿಷಯ ಓದುವ ಮಕ್ಕಳ ಫೀಸು, ಪುಸ್ತಕ, ಊಟ, ವಸತಿ ಎಲ್ಲ ನೋಡಿಕೊಳ್ಳುತ್ತದೆ. ಟಸ್ಕೀಗೀಯೂ ಆ 19ರಲ್ಲಿ ಒಂದು. ಇದು ವೆಟರ್ನರಿ ಸ್ಕಾಲರ್‌ಶಿಪ್ ಅಲ್ಲವಲ್ಲ ಎನ್ನಬಹುದು. ನಿಜ, ಮೊದಲ ಡಿಗ್ರಿಯದು. ಆದರೆ ವೆಟರ್ನರಿ ಕಾಲೇಜಿಗೆ ಹೋಗುವ ದಾರಿಯೇ ಪ್ರಾಣಿ ವಿಜ್ಞಾನದಂಥ ಮೊದಲ ಡಿಗ್ರಿಯ ಮೂಲಕ. ಕೆಳಗಿನ ಮೆಟ್ಟಿಲು ಕಿತ್ತರೆ ಮೇಲಿನ ಮೆಟ್ಟಿಲು ಭದ್ರವಾಗಿದ್ದರೂ ಹತ್ತುವವರಿಲ್ಲ.

ಬಣ್ಣ ಬಿಟ್ಟು ಊರು ಮತ್ತು ಆದಾಯ ನೋಡಿ ಕೊಟ್ಟರೆ ಸಾಲದೇ ಎಂದು ಒಂದು ಕಡೆಯವರು ಕೇಳುತ್ತಾರೆ. ಕಾನೂನಿನ ತಂಟೆ ಇಲ್ಲ, ಬಡ ಬಿಳಿ ರೈತನ ಮಗನಿಗೂ ಸಿಗುತ್ತದೆ, ಕಪ್ಪು ರೈತನ ಮಗಳಿಗೂ ಸಿಗುತ್ತದೆ. ಇನ್ನೊಂದು ಕಡೆಯವರ ಉತ್ತರ: ಹಳ್ಳಿ ಎಂಬ ಒಂದೇ ಅಳತೆಗೋಲು ಇಟ್ಟರೆ ಅಯೋವಾ, ನೆಬ್ರಾಸ್ಕಾ ಕಾಣುತ್ತವೆ, ತಲೆಮಾರುಗಳಿಂದ ಜಮೀನು ಕಳೆದುಕೊಂಡು ನಗರ ಸೇರಿದ ದಕ್ಷಿಣದ ಕಪ್ಪು ರೈತ ಕುಟುಂಬಗಳು ಕಾಣುವುದಿಲ್ಲ. ಎರಡೂ ಮಾತಿನಲ್ಲಿ ಸತ್ಯವಿದೆ. ಆದರೆ ಈ ಜಗಳದ ಸದ್ದಿನಲ್ಲಿ, ಬಣ್ಣ ಯಾವುದೇ ಇರಲಿ, ದುಡ್ಡಿಲ್ಲದ ಮಗುವಿಗೆ ಸಾಲದ ಬಾಗಿಲು ಕಿರಿದಾಯಿತು ಎಂಬ ಸಂಗತಿ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ನಮ್ಮಲ್ಲಿ ಇದಕ್ಕೆ ಉಲ್ಟಾ

ಕರ್ನಾಟಕದವರಿಗೆ ಈ ಚರ್ಚೆ ವಿಚಿತ್ರವಾಗಿ ಕೇಳಿಸಬಹುದು. ನಮ್ಮಲ್ಲಿ ಸಹಾಯ ಸಿಗುವುದು ಮುಖ್ಯವಾಗಿ ಬಾಗಿಲಲ್ಲಿ, ಸೀಟಿನ ರೂಪದಲ್ಲಿ. ಜಾತಿ ಮೀಸಲಾತಿ ಇದೆ. ಅದರ ಜೊತೆಗೆ ಹಳ್ಳಿಯ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5, ಕಲ್ಯಾಣ ಕರ್ನಾಟಕದವರಿಗೆ 371 ಜೆ, ಕೃಷಿಕರ ಮಕ್ಕಳಿಗೆ ಬೇರೆ ಕೋಟಾ. ತಮಿಳುನಾಡು 2021ರಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ವೆಟರ್ನರಿ ಸೇರಿ ವೃತ್ತಿಪರ ಕೋರ್ಸ್‌ಗಳಲ್ಲಿ ಶೇ 7.5 ಸೀಟು ಇಟ್ಟಿತು. ಅವರ ಫೀಸು ಮತ್ತು ಹಾಸ್ಟೆಲ್ ಖರ್ಚನ್ನೂ ಸರ್ಕಾರವೇ ಕಟ್ಟುತ್ತದೆ ಎಂದಿತು.

ಸೀಟು ಸಿಕ್ಕ ಮೇಲೆ ಕೈಗೆ ಬರುವ ದುಡ್ಡು ಮಾತ್ರ ಸಣ್ಣದು. 2021ರಲ್ಲಿ ಬಂದ ರೈತ ವಿದ್ಯಾನಿಧಿಯಲ್ಲಿ ಕೋರ್ಸ್ ನೋಡಿಕೊಂಡು ವರ್ಷಕ್ಕೆ 2,500ರಿಂದ 11,000 ರೂಪಾಯಿ. ಪರಿಶಿಷ್ಟ ಜಾತಿಯ ಮಕ್ಕಳಿಗೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ, ಹಾಸ್ಟೆಲ್‌ನಲ್ಲಿದ್ದು ವೃತ್ತಿಪರ ಡಿಗ್ರಿ ಓದುವವರಿಗೆ ಫೀಸಿನ ಜೊತೆ ವರ್ಷಕ್ಕೆ 13,500 ರೂಪಾಯಿ. ಮನೆಯ ವರಮಾನ ಎರಡೂವರೆ ಲಕ್ಷದೊಳಗಿರಬೇಕು. ಹೆಬ್ಬಾಳದಲ್ಲೋ ಬೀದರ್‌ನಲ್ಲೋ ತಿಂಗಳು ತಳ್ಳೋಕೆ ಇದು ಸಾಲುವುದಿಲ್ಲ, ಆದರೆ ಸರ್ಕಾರಿ ಕಾಲೇಜಿನ ಫೀಸು ಕಡಿಮೆ ಇರುವುದರಿಂದ ಕೋಟಿ ರೂಪಾಯಿ ಸಾಲದ ಮಾತೇ ಬರುವುದಿಲ್ಲ. ಕೆಲಸದ ಕಡೆಯೂ ಆಟ ಬೇರೆ. 2024ರಲ್ಲಿ ಲೋಕಸೇವಾ ಆಯೋಗ 400 ಪಶುವೈದ್ಯಾಧಿಕಾರಿ ಹುದ್ದೆಗಳಿಗೆ ಅರ್ಜಿ ಕರೆದಾಗ, ಯಾರೂ ಸಾಲಮನ್ನಾ ಆಸೆ ತೋರಿಸಬೇಕಾಗಿರಲಿಲ್ಲ. ನಮ್ಮ ಸಮಸ್ಯೆ ಹುದ್ದೆ ಖಾಲಿ ಬಿಡುವುದು, ನೇಮಕಾತಿ ಎಳೆಯುವುದು.

ನೇರ ಸಂಬಂಧ ಇರುವುದು ಅಲ್ಲಿ ನೆಲೆಸಿರುವ ಕನ್ನಡದ ಕುಟುಂಬಗಳಿಗೆ. ಇಲ್ಲಿ ಬಿವಿಎಸ್‌ಸಿ ಮುಗಿಸಿ ಅಲ್ಲಿಗೆ ಹೋದವರಿಗೆ ಈ ಮಿತಿ ತಟ್ಟುವುದಿಲ್ಲ, ವೀಸಾದ ಮೇಲೆ ಓದುವವರಿಗೆ ಸರ್ಕಾರಿ ಸಾಲ ಮೊದಲೂ ಇರಲಿಲ್ಲ. ಆದರೆ ಅಲ್ಲೇ ಹುಟ್ಟಿದ ಅಥವಾ ಗ್ರೀನ್ ಕಾರ್ಡ್ ಇರುವ ಮಕ್ಕಳು ವೆಟರ್ನರಿ ಓದುತ್ತೇನೆ ಎಂದರೆ ಲೆಕ್ಕ ಹೊಸದಾಗಿ ಹಾಕಬೇಕು. ಯಾವ ರಾಜ್ಯದಲ್ಲಿ ಮನೆ ಇದೆ ಎಂಬುದು ಈಗ ಮೊದಲಿಗಿಂತ ಹೆಚ್ಚು ಮುಖ್ಯ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಕಾಣುವುದು ಕಾಲೇಜುಗಳ ಲೆಕ್ಕಪತ್ರದಲ್ಲಿ. ದುಬಾರಿ ಕಾಲೇಜುಗಳು ಖಾಸಗಿ ಬ್ಯಾಂಕುಗಳ ಜೊತೆ ಒಪ್ಪಂದ ಮಾಡಿಕೊಳ್ಳಬಹುದು, ಕೆಲವು ತಮ್ಮದೇ ಸ್ಕಾಲರ್‌ಶಿಪ್ ಹೆಚ್ಚಿಸಬಹುದು. ಮೂರು ವರ್ಷದಲ್ಲೇ ಕೋರ್ಸ್ ಮುಗಿಸುವ ಮಾತಿಗೂ ಬಲ ಬರಬಹುದು, ಏಕೆಂದರೆ ಒಂದು ವರ್ಷ ಕಡಿಮೆಯಾದರೆ ಊಟ ವಸತಿಯ ಖರ್ಚಾದರೂ ಉಳಿಯುತ್ತದೆ. ಫೀಸು ಇಳಿಸುವವರು ಇರಬಹುದು, ಆದರೆ ಸಾಲಿನಲ್ಲಿ ಅಷ್ಟು ಜನ ನಿಂತಿರುವಾಗ ಅದಕ್ಕೆ ಅವಸರವೇನಿಲ್ಲ.

ಎರಡನೆಯದು ರಾಜ್ಯಗಳ ಮೇಲೆ ಬೀಳುವ ಭಾರ. ಕೇಂದ್ರದ ಸಾಲ ನಿಂತ ಕಡೆ ಕಾನ್ಸಾಸ್ ಮಾದರಿಯ ಯೋಜನೆಗಳಿಗೆ ಬೇಡಿಕೆ ಏರುತ್ತದೆ. ದನದ ವ್ಯಾಪಾರವೇ ಜೀವಾಳವಾಗಿರುವ ರಾಜ್ಯಗಳಿಗೆ ಇದರ ಬೆಲೆ ಗೊತ್ತಿದೆ, ದುಡ್ಡೂ ತೆಗೆದಿಡುತ್ತವೆ. ಬಡ ರಾಜ್ಯಗಳು ಹಿಂದೆ ಬೀಳುತ್ತವೆ, ಕಪ್ಪು ರೈತರು ಹೆಚ್ಚಿರುವ ದಕ್ಷಿಣದ ಹಲವು ರಾಜ್ಯಗಳು ಅವುಗಳಲ್ಲಿ ಸೇರಿವೆ.

ಮೂರನೆಯದು ಗೊತ್ತಾಗೋಕೆ ತುಂಬಾ ಕಾಲ ಬೇಕು. 2026ರಲ್ಲಿ ಹೊಸ ನಿಯಮದಡಿ ಕಾಲೇಜು ಸೇರಿದವರು ಹೊರಬರುವುದು 2030ರಲ್ಲಿ. ಅವರಲ್ಲಿ ಎಷ್ಟು ಮಂದಿ ಹಳ್ಳಿಗೆ ಹೋದರು ಎಂದು ಗೊತ್ತಾಗುವ ಹೊತ್ತಿಗೆ ಈಗಿನ ಅಧ್ಯಕ್ಷರ ಅವಧಿ ಮುಗಿದಿರುತ್ತದೆ. ಕೊರತೆ ಪಟ್ಟಿಯ ಆ 243 ಪ್ರದೇಶಗಳಲ್ಲಿ ಈಗ ಕೆಲಸ ಮಾಡುತ್ತಿರುವ ವಯಸ್ಸಾದ ಪಶುವೈದ್ಯರು ಒಬ್ಬೊಬ್ಬರಾಗಿ ನಿವೃತ್ತಿ ಆಗುತ್ತಿರುತ್ತಾರೆ. ಅವರ ಕ್ಲಿನಿಕ್ ಕೊಳ್ಳುವವರು ಬಂದರೋ ಇಲ್ಲವೋ ಎಂಬುದು ಊರವರಿಗೆ ಮಾತ್ರ ಮೊದಲು ಗೊತ್ತಾಗುತ್ತದೆ.